‘ಒಳ್ಳೆ ಏರಿಯಾ ಯಾವುದು’ ಅಂತ ಕೇಳೋರಿಗೆ

(1/7)
ಈ ತಿಂಗಳು ಡಿಎಂನಲ್ಲಿ ಒಂದೇ ಪ್ರಶ್ನೆ. "ಮೈಸೂರಲ್ಲಿ ಕೆಲಸ ಸಿಕ್ತು ಕಣೇ, ಎಲ್ಲಿ ಮನೆ ನೋಡ್ಲಿ? ಒಳ್ಳೆ ಏರಿಯಾ ಹೇಳು." ನಮ್ಮ ಬ್ಯಾಚ್‌ನವರೇ ಆರೇಳು ಜನ ಕೇಳಿದ್ದಾರೆ, ಜೂನಿಯರ್ಸ್ ಬೇರೆ. ಮೊದಲಿಬ್ಬರಿಗೆ ನಾನೂ ದೊಡ್ಡ ಎಕ್ಸ್‌ಪರ್ಟ್ ಥರ ಪಟ್ಟಿ ಕಳಿಸಿದೆ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಆದ್ರೆ ವಿಜಯನಗರ ಇಲ್ಲಾ ಹೂಟಗಳ್ಳಿ, ಮಾನಸಗಂಗೋತ್ರಿ ಹತ್ರ ಆದ್ರೆ ಪಡುವಾರಹಳ್ಳಿ, ಕೈಯಲ್ಲಿ ದುಡ್ಡಿದ್ರೆ ಗೋಕುಲಂ. ಮೂರನೆಯವಳಿಗೆ ಟೈಪ್ ಮಾಡ್ತಾ ಇದ್ದಾಗ ಕೈ ನಿಂತುಹೋಯ್ತು. ಆ ಪಟ್ಟಿ ಅವಳಿಗೆ ಕೆಲಸಕ್ಕೆ ಬರಲ್ಲ ಅಂತ ನನಗೆ ಗೊತ್ತಿತ್ತು. ಅವಳ ಪೂರ್ತಿ ಹೆಸರು ಕೇಳಿದ ತಕ್ಷಣ ಅದರಲ್ಲಿರೋ ಎಷ್ಟೋ ಮನೆಗಳು "ಅಯ್ಯೋ, ಆಗ್ಲೇ ಕೊಟ್ಬಿಟ್ವಲ್ಲ" ಆಗ್ತವೆ.

ಮೊದಲನೇ ಫೋಟೋ ನೋಡಿ. ಫೋನ್ ನಂಬರ್ ಅಳಿಸಿದೀನಿ. "ಮನೆ ಬಾಡಿಗೆಗೆ ಇದೆ. ಸಸ್ಯಾಹಾರಿಗಳಿಗೆ ಮಾತ್ರ." ಒಂದೇ ಒಂದು ಭಾನುವಾರ ಸ್ಕೂಟರಲ್ಲಿ ಸುತ್ತಿ ತೆಗೆದ ಫೋಟೋಗಳು ಇವೆಲ್ಲ. ಸ್ವೈಪ್ ಮಾಡ್ತಾ ಓದಿ. ಉದ್ದ ಇದೆ. ಬೈಯೋರು ಏಳೂ ಭಾಗ ಓದಿ ಆಮೇಲೆ ಬೈಯಿರಿ.

(2/7)
ಕಳೆದ ವರ್ಷ ನಾನೂ ನನ್ನ ಗೆಳತಿಯೂ ಒಂದೇ ದಿನ, ಒಂದೇ ಆಫೀಸಿಗೆ, ಒಂದೇ ಸಂಬಳಕ್ಕೆ ಸೇರಿದ್ವಿ. ಇಬ್ಬರೂ ಸೇರಿ ಮನೆ ಮಾಡೋಣ ಅಂತ ಪಿಜಿಯಲ್ಲಿದ್ದುಕೊಂಡು ಮೂರು ವಾರ ಹುಡುಕಿದ್ವಿ. ಕೊನೆಗೆ ಆಫೀಸಿಂದ ಹತ್ತು ನಿಮಿಷದ ದೂರದಲ್ಲಿ ಒಂದು ಮನೆ ಸಿಕ್ತು. ಮೊದಲನೇ ಮಹಡಿ, ಒಂದು ರೂಮು, ಒಂದು ಹಾಲು, ಹಿಂದೆ ಬಟ್ಟೆ ಒಣಗಿಸೋಕೆ ಜಾಗ. ಓನರ್ ಕಾಫಿ ಕೊಟ್ಟರು. ಊರು ಯಾವುದು ಅಂತ ಕೇಳಿದರು. ಅಪ್ಪ ಏನು ಮಾಡ್ತಾರೆ ಅಂತ ಕೇಳಿದರು. ಆಮೇಲೆ ಮೆಲ್ಲಗೆ, "ಮನೆದೇವರು ಯಾವುದಮ್ಮ?"

ಇದು ನಮ್ಮ ಮೈಸೂರಿನ ಮರ್ಯಾದೆ. ಬಾಯಿಬಿಟ್ಟು "ಯಾವ ಜಾತಿ" ಅಂತ ಕೇಳೋರು ಕಮ್ಮಿ. "ನೀವು ಏನು ಜನ?" "ಯಾವ ಕಡೆಯವರು?" "ಊರಲ್ಲಿ ನಿಮ್ಮನೆ ಎಲ್ಲಿ ಬರುತ್ತೆ, ದೇವಸ್ಥಾನದ ಹತ್ರಾನಾ?" ಕೊನೆಯ ಪ್ರಶ್ನೆ ಎಷ್ಟು ಚೂಪು ಅಂತ ಹಳ್ಳಿಯಿಂದ ಬಂದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೇರಿ ಎಲ್ಲಿದೆ, ದೇವಸ್ಥಾನ ಎಲ್ಲಿದೆ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು.

ನಾನು ನಮ್ಮ ದೇವರ ಹೆಸರು ಹೇಳಿದೆ. ಅವಳೂ ಹೇಳಿದಳು.

ಮಾರನೇ ದಿನ ನನಗೊಬ್ಬಳಿಗೇ ಫೋನ್. "ನೀವು ಬೇಕಾದ್ರೆ ಬನ್ನಿಮ್ಮ, ಜೊತೆಯವರು ಬೇಡ. ನಮಗೇನಿಲ್ಲ, ಕೆಳಗೆ ವಯಸ್ಸಾದವರಿದ್ದಾರೆ, ನಾನ್‌ವೆಜ್ಜು ಅದು ಇದು ಅಂದ್ರೆ ಕಷ್ಟ." ನಾನಂದೆ, "ಸಾರ್, ನಾನೂ ತಿಂತೀನಲ್ಲ." ಬಂದ ಉತ್ತರ ಇವತ್ತಿಗೂ ಕಿವಿಯಲ್ಲಿದೆ: "ಅಯ್ಯೋ, ನೀವು ತಿನ್ನೋದು ಬೇರೆ ಬಿಡಿ."

ಬೇರೆಯಂತೆ! ಅದೇ ಅಂಗಡಿ, ಅದೇ ಕೋಳಿ, ಅದೇ ಮಸಾಲೆ.

ಆಮೇಲೆ ನಾನೇನು ಮಾಡಿದೆ ಅಂತ ಹೇಳದೇ ಇದ್ರೆ ಈ ಪೋಸ್ಟ್ ಹಾಕೋ ಯೋಗ್ಯತೆ ನನಗಿಲ್ಲ. ಮನೆ ತಗೊಂಡೆ. ಪಿಜಿ ಊಟ ಸಾಕಾಗಿತ್ತು, ಅಮ್ಮ ದಿನಾ ಫೋನ್ ಮಾಡಿ ಪೀಡಿಸ್ತಿದ್ರು, ಕಾರಣ ಬೇಕಾದಷ್ಟಿದ್ವು. ಗೆಳತಿಗೆ "ಓನರ್ ಒಬ್ರಿಗೆ ಮಾತ್ರ ಕೊಡ್ತಾರಂತೆ ಕಣೇ" ಅಂದೆ. ಅವಳು "ಸರಿ ಬಿಡು" ಅಂದಳು. ಅವಳಿಗೆ ಅವತ್ತೇ ಗೊತ್ತಾಗಿತ್ತಂತೆ. (ಅವಳನ್ನ ಕೇಳಿಯೇ ಬರೀತಿದೀನಿ. ಹೆಸರು ಬೇಡ, ಉಳಿದದ್ದೆಲ್ಲ ಬರಿ ಅಂದಳು.)

(3/7)
ಅವಳು ಈಗ ಅಶೋಕಪುರಂನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಅಶೋಕಪುರಂ ಊರಿನ ದಕ್ಷಿಣಕ್ಕೆ, ನಮ್ಮ ಆಫೀಸು ವಾಯವ್ಯಕ್ಕೆ, ಹೆಬ್ಬಾಳದಲ್ಲಿ. ಸಿಟಿ ಬಸ್ ಸ್ಟ್ಯಾಂಡ್‌ವರೆಗೆ ಒಂದು ಬಸ್ಸು, ಅಲ್ಲಿ ಕಾದು ಇನ್ನೊಂದು ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ನಮಗೆ ಟಿಕೆಟ್ ಫ್ರೀ. ಟೈಮ್ ಫ್ರೀ ಅಲ್ವಲ್ಲ. ಅವಳು 7:30ಕ್ಕೆ ಮನೆ ಬಿಡ್ತಾಳೆ, ನಾನು 8:45ಕ್ಕೆ. ಸಂಜೆಯೂ ಅಷ್ಟೇ. ದಿನಕ್ಕೆ ಎರಡು ಗಂಟೆಗೂ ಜಾಸ್ತಿ ವ್ಯತ್ಯಾಸ. ಆ ಟೈಮಲ್ಲಿ ನಾನು ಒಂದು ಆನ್‌ಲೈನ್ ಕೋರ್ಸ್ ಮುಗಿಸಿದೆ, ಅಪ್ರೈಸಲ್‌ನಲ್ಲಿ ಅದಕ್ಕೆ ಶಹಬ್ಬಾಸ್‌ಗಿರಿಯೂ ಸಿಕ್ತು. ಗ್ರೂಪಲ್ಲಿ ಮೆರಿಟ್ ಮೆರಿಟ್ ಅಂತ ಕುಣಿಯೋ ಅಣ್ಣಂದಿರು ಈ ಲೆಕ್ಕವನ್ನೂ ಒಂದ್ಸಲ ಮಾಡಿ.

ಅಶೋಕಪುರಂ ಅವಳಿಗೆ ಇಷ್ಟ. ಚಿಕ್ಕಮ್ಮ ಮುದ್ದು ಮಾಡ್ತಾರೆ, ಅಕ್ಕಪಕ್ಕದವರು ಮಾತಾಡಿಸ್ತಾರೆ. ಆದ್ರೆ ಅದನ್ನ ಅವಳು ಆರಿಸ್ಕೊಳ್ಳಲಿಲ್ಲ, ಉಳಿದದ್ದು ಅದೊಂದೇ ಆಗಿತ್ತು.

ಇದನ್ನೇ ಉಲ್ಟಾ ನೋಡಿ. ನಂಜನಗೂಡು ಕಡೆ ಫ್ಯಾಕ್ಟರಿಗಳಲ್ಲಿ ನಮ್ಮ ಕ್ಲಾಸಿನ ಮೂರು ಹುಡುಗರಿಗೆ ಕೆಲಸ ಸಿಕ್ಕಿದೆ. ಮೈಸೂರು–ಚಾಮರಾಜನಗರ ರೈಲು ಹೋಗೋದೇ ಅಶೋಕಪುರಂ ಮೇಲೆ. ಆಮೇಲೆ ಕಡಕೊಳ, ನಂಜನಗೂಡು. ಆ ಕಡೆ ಕೆಲಸಕ್ಕೆ ಹೋಗೋರಿಗೆ ಅಶೋಕಪುರಂನಷ್ಟು ಅನುಕೂಲ ಇನ್ನೆಲ್ಲಿದೆ? ಗ್ರೂಪಲ್ಲಿ ಅವರು ಏರಿಯಾ ಕೇಳಿದಾಗ ನಲವತ್ತು ಮೆಸೇಜ್ ಬಂತು, ಯಾರಾದ್ರೂ ಅಶೋಕಪುರಂ ಹೆಸರೆತ್ತಿದ್ರಾ? ಹಿಂದಕ್ಕೆ ಸ್ಕ್ರೋಲ್ ಮಾಡಿ ನೋಡಿ. ನಾನೂ ಎತ್ತಿಲ್ಲ. "ಡೀಸೆಂಟ್ ಏರಿಯಾ ನೋಡ್ಕೊಳ್ರೋ" ಅಂತ ಬರೆದಿದ್ದು ನಾನೇ.

(4/7)
ಡೀಸೆಂಟ್ ಅನ್ನೋ ಪದ ಎಲ್ಲಿಂದ ಬಂತು? ಈ ಊರಿನ ನಕ್ಷೆ ಸುಮ್ಮನೆ ಹೀಗಾಗಿದ್ದಲ್ಲ. 19ನೇ ಶತಮಾನದ ಕೊನೆಯಲ್ಲಿ ಪ್ಲೇಗ್ ಬಂತು. ಇಕ್ಕಟ್ಟಿನ ಹಳೇ ಊರನ್ನ ಸರಿಮಾಡೋಕೆ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿದರು. ಮುಂದೆ ಮುಡಾ ಆಗಿದ್ದು ಅದೇ (ಮುಡಾ ಅಂದ ತಕ್ಷಣ ನಿಮಗೆ ನ್ಯೂಸ್ ಚಾನೆಲ್ ನೆನಪಾದ್ರೆ ನನ್ನ ತಪ್ಪಲ್ಲ). ಅಗಲವಾದ ರಸ್ತೆ, ಚರಂಡಿ, ಗಾಳಿ ಬೆಳಕಿನ ಬಡಾವಣೆ ಎಲ್ಲಾ ಬಂತು. ಆದರೆ ಯಾರು ಎಲ್ಲಿರಬೇಕು ಅನ್ನೋದು ಹಳೇ ಊರಿಂದ ಹೊಸ ಊರಿಗೆ ಹಾಗೇ ನಡ್ಕೊಂಡು ಬಂತು. ಅಗ್ರಹಾರ ಅನ್ನೋ ಹೆಸರು ಈಗಲೂ ಇದೆ. ಅಶೋಕಪುರಂನ ಹಳೇ ಹೆಸರೇ ಆದಿಕರ್ನಾಟಕಪುರ. ಹೆಸರು ಓದಿದ್ರೆ ಸಾಕು, ಯಾರಿಗಾಗಿ ಆದ ಜಾಗ ಅಂತ ಗೊತ್ತಾಗುತ್ತೆ.

ಉದಯಗಿರಿ, ರಾಜೀವ್‌ನಗರದ ಕಥೆ ಕೇಳಿ. ನಮ್ಮ ಕ್ಲಾಸಿನ ಮುಸ್ಲಿಂ ಹುಡುಗ ಆರು ಕಡೆ ಮನೆ ಕೇಳಿದ. ಎರಡು ಕಡೆ ಹೆಸರು ಹೇಳಿದ ಮೇಲೆ ಫೋನೇ ಎತ್ತಲಿಲ್ಲ. ಕೊನೆಗೆ ಉದಯಗಿರಿಗೆ ಹೋದ. ಈಗ ನಮ್ಮವರೇ ಹೇಳ್ತಾರೆ, "ನೋಡು, ಅವರೆಲ್ಲ ಒಂದೇ ಕಡೆ ಇರ್ತಾರೆ, ಬೆರೆಯಲ್ಲ." ಬಾಗಿಲು ಹಾಕಿದವರೇ ಹೊರಗೆ ನಿಂತವನನ್ನ ಯಾಕಪ್ಪಾ ಒಳಗೆ ಬರಲಿಲ್ಲ ಅಂತ ಕೇಳೋ ಹಾಗಿದೆ.

ವಿಶ್ವಮಾನವ ಅಂದ ಕವಿಯ ಹೆಸರಲ್ಲಿ ನಮ್ಮೂರಲ್ಲಿ ಒಂದು ದೊಡ್ಡ ಬಡಾವಣೆಯೇ ಇದೆ, ಬುದ್ಧನ ಹೆಸರಲ್ಲಿ ಇನ್ನೊಂದು ಲೇಔಟ್. ಅಲ್ಲಿ ಟು-ಲೆಟ್ ಬೋರ್ಡ್ ಓದ್ತಾ ಒಂದು ರೌಂಡ್ ಹಾಕಿ. ನಾನು ಹೆಚ್ಚೇನೂ ಹೇಳಲ್ಲ.

(5/7)
ಇದು ಮೈಸೂರಿನ ರೋಗ ಮಾತ್ರ ಅಲ್ಲ, ಹೊಸದೂ ಅಲ್ಲ. ಕೆಲಸಕ್ಕೆ ಅಂತ ಹೊಸ ಊರಿಗೆ ಬಂದು ಮನೆ ಸಿಗದೇ ವಾಪಸ್ ಹೋದ ಹುಡುಗನೊಬ್ಬನ ಕಥೆ ನಿಮಗೆಲ್ಲ ಗೊತ್ತಿರಬೇಕಿತ್ತು. ನಮ್ಮ ಪಠ್ಯದಲ್ಲಿ ಅವರ ಫೋಟೋ ಇತ್ತು, ಈ ಕಥೆ ಓದಿದ ನೆನಪು ನನಗಂತೂ ಇಲ್ಲ.

ಅಂಬೇಡ್ಕರ್. ಬರೋಡ ಮಹಾರಾಜರ ಸ್ಕಾಲರ್‌ಶಿಪ್‌ನಲ್ಲಿ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದಿ, ಲಂಡನ್‌ಗೂ ಹೋಗಿ, 1917ರಲ್ಲಿ ವಾಪಸ್ ಬಂದು ಬರೋಡ ಸಂಸ್ಥಾನದ ಕೆಲಸಕ್ಕೆ ಸೇರಿದರು. ಕೆಲಸ ಕೊಟ್ಟಿದ್ದು ಸಾಕ್ಷಾತ್ ಮಹಾರಾಜರ ಸರ್ಕಾರ. ಆದ್ರೂ ಇರೋಕೆ ಜಾಗ ಇಲ್ಲ. ಕೊನೆಗೆ ಒಂದು ಪಾರ್ಸಿ ಛತ್ರದಲ್ಲಿ, ಪಾರ್ಸಿ ಹೆಸರು ಬರೆಸಿ ಉಳ್ಕೊಂಡರು. ಹನ್ನೊಂದನೇ ದಿನ ಬೆಳಿಗ್ಗೆ ಕೋಲು ಹಿಡಿದ ಒಂದು ಗುಂಪು ಮೆಟ್ಟಿಲು ಹತ್ತಿ ಬಂತು. ಸಂಜೆಯೊಳಗೆ ಖಾಲಿ ಮಾಡಬೇಕು ಅಂದರು. ಇದನ್ನ ಅವರೇ ‘ವೇಟಿಂಗ್ ಫಾರ್ ಎ ವೀಸಾ’ ಅನ್ನೋ ಸಣ್ಣ ಬರಹದಲ್ಲಿ ಬರೆದಿದ್ದಾರೆ. ಒಂದು ಗಂಟೆಯಲ್ಲಿ ಓದಿ ಮುಗಿಸಬಹುದು.

ನನ್ನನ್ನ ಕಾಡಿದ್ದು ಕೋಲು ಹಿಡಿದವರಲ್ಲ. ಅವತ್ತು ಅವರು ಇಬ್ಬರು ಗೆಳೆಯರ ಹತ್ತಿರ ಹೋದರು, ಒಬ್ಬ ಹಿಂದೂ, ಒಬ್ಬ ಕ್ರಿಶ್ಚಿಯನ್. ಒಬ್ಬ, ನೀನು ಬಂದ್ರೆ ನಮ್ಮ ಮನೆ ಆಳುಗಳು ಬಿಟ್ಟುಹೋಗ್ತಾರೆ ಅಂತ. ಇನ್ನೊಬ್ಬ, ಹೆಂಡತಿ ಬರ್ತಾಳೆ, ಅವಳನ್ನ ಕೇಳ್ಬೇಕು ಅಂತ. ಇಬ್ಬರೂ ಕೆಟ್ಟವರಲ್ಲ. ಇಬ್ಬರಿಗೂ ಪಾಪ ಅನ್ನಿಸಿರಬೇಕು. ಅಂಬೇಡ್ಕರ್ ಕಾಮಾಟಿ ಬಾಗ್ ಪಾರ್ಕಿನಲ್ಲಿ ಗಂಟೆಗಟ್ಟಲೆ ಕೂತಿದ್ದು, ರಾತ್ರಿ ರೈಲಿಗೆ ಬಾಂಬೆಗೆ ಹೋದರು.

"ನಮಗೇನಿಲ್ಲ, ಕೆಳಗೆ ವಯಸ್ಸಾದವರಿದ್ದಾರೆ." "ಓನರ್ ಒಬ್ರಿಗೆ ಮಾತ್ರ ಕೊಡ್ತಾರಂತೆ ಕಣೇ." ನೂರು ವರ್ಷ ದಾಟಿದೆ, ನೆಪ ಅದೇ ಅಚ್ಚು. ಆ ಇಬ್ಬರು ಗೆಳೆಯರ ಸಾಲಲ್ಲಿ ಮೂರನೆಯವಳು ನಾನು.

(6/7)
ಈಗ ಕಾಮೆಂಟ್‌ನಲ್ಲಿ ಬರೋದು ಗೊತ್ತು. "ನನ್ನ ಮನೆ, ನನ್ನಿಷ್ಟ." ಸರಿ, ನಿಮ್ಮ ಅಡುಗೆಮನೆಯಲ್ಲಿ ಏನು ಬೇಯಬೇಕು ಅನ್ನೋದು ನಿಮ್ಮಿಷ್ಟ. ಬಾಡಿಗೆಗೆ ಬೋರ್ಡ್ ಹಾಕಿ, ಅಡ್ವಾನ್ಸ್ ಎಣಿಸ್ಕೊಂಡು, ವರ್ಷ ವರ್ಷ ಬಾಡಿಗೆ ಏರಿಸೋದು ವ್ಯವಹಾರ. ಕಿರಾಣಿ ಅಂಗಡಿಯವನು ಮನೆದೇವರು ಕೇಳಿ ಸಕ್ಕರೆ ಕೊಟ್ರೆ ಸುಮ್ನಿರ್ತೀರಾ? ವಾಸನೆ ಅನ್ನೋರಿಗೆ ಉತ್ತರ ಮೇಲೇ ಇದೆ. "ನೀವು ತಿನ್ನೋದು ಬೇರೆ." ವಾಸನೆಗೂ ಜಾತಿ ನೋಡಿ ಬರೋದು ಗೊತ್ತು ಅಂತಾಯ್ತು. ನಿಜವಾಗಿಯೂ ಮಾಂಸದ ವಾಸನೆ ತಡೆಯೋಕಾಗದ ಮನೆಗಳಿವೆ, ಒಪ್ತೀನಿ. ಅವರು ಹಾಗಂತ ಹೇಳಿ ಬಿಡ್ತಾರೆ, ಮನೆದೇವರು ಕೇಳಲ್ಲ.

ಕಾನೂನು ಏನನ್ನುತ್ತೆ? ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲ್, ಬಾವಿ, ಕೆರೆ, ರಸ್ತೆ ಅಂತೆಲ್ಲ ಹೆಸರಿಸುತ್ತೆ, ಬಾಡಿಗೆ ಮನೆಯ ಹೆಸರು ಅದರಲ್ಲಿಲ್ಲ. ಆದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನೇ ಆಗಲಿ ಯಾವುದೇ ಏರಿಯಾದಲ್ಲಿ ಮನೆ ಕಟ್ಟದಂತೆ, ಪಡೆಯದಂತೆ, ವಾಸ ಮಾಡದಂತೆ ತಡೆಯೋದು ಅಪರಾಧ. ಹಾಗಾದ್ರೆ ಕೇಸ್ ಯಾಕೆ ಹಾಕಲ್ಲ? ಯಾರೂ ಕಾರಣ ಹೇಳಲ್ಲವಲ್ಲ. "ಆಗೋಯ್ತು" ಅಂತಾರೆ. "ಊರಿಂದ ನಮ್ಮ ಸಂಬಂಧಿಕರು ಬರ್ತಿದ್ದಾರೆ" ಅಂತಾರೆ. ಮನೆದೇವರು ಕೇಳಿದ್ದನ್ನ ಯಾವ ಕೋರ್ಟಲ್ಲಿ ಸಾಬೀತು ಮಾಡ್ತೀರಾ? ಆ ಮಾತು ಕೇಳಿಸಿಕೊಂಡ ಸಾಕ್ಷಿ ಹೆಚ್ಚಾಗಿ ಒಬ್ಬರೇ ಇರ್ತಾರೆ: ಮನೆ ಸಿಕ್ಕವರು. ಅಂದ್ರೆ ನಾವು.

ಓನರ್‌ಗಳನ್ನ ಬೈದು ಮುಗಿಸೋದು ಸುಲಭ. ನಮ್ಮದೇ ಸ್ಟೋರಿಗಳನ್ನ ನೋಡಿ. "ಫ್ಲಾಟ್‌ಮೇಟ್ ಬೇಕು, ವೆಜ್ ಪ್ರಿಫರ್ಡ್." "ನಮ್ ಕಡೆ ಹುಡುಗ್ರು ಇದ್ರೆ ಹೇಳಿ." 22 ವರ್ಷದವರು, ಸ್ವಂತ ಮನೆ ಇಲ್ಲ, ಬಾಡಿಗೆ ಮನೆಯ ಅರ್ಧ ರೂಮಿಗೇ ಓನರ್ ಥರ ಬೋರ್ಡ್ ಹಾಕ್ತಿದೀವಿ! ಆ ಸ್ಟೋರಿಗೆ ಹಾರ್ಟ್ ಒತ್ತಿದವರು ಈ ಪೋಸ್ಟಿಗೂ ಒತ್ತುತ್ತೀರಾ, ನನಗೆ ಗೊತ್ತು.

(7/7)
ಕೆಲಸಕ್ಕೆ ಬರೋ ಮಾತು ಬೇಗ ಹೇಳಿಬಿಡ್ತೀನಿ, ಕೇಳಿದ್ದು ಅದನ್ನೇ ತಾನೇ. ಏರಿಯಾ ಹೆಸರು ಬಿಡಿ, ಬೆಳಿಗ್ಗೆ 8 ಗಂಟೆಗೆ ಆ ಮನೆಯಿಂದ ಆಫೀಸಿಗೆ ಬಸ್ಸಲ್ಲಿ ಒಂದ್ಸಲ ಹೋಗಿ ನೋಡಿ. ನೀರು ಕಾವೇರಿದೋ ಬೋರ್‌ವೆಲ್ಲೋ, ದಿನಾ ಬರುತ್ತೋ ದಿನ ಬಿಟ್ಟು ದಿನಾನೋ, ಓನರ್‌ನ ಕೇಳಬೇಡಿ, ಪಕ್ಕದ ಮನೆ ಆಂಟಿನ ಕೇಳಿ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ದಾಟಬಾರದು ಅನ್ನುತ್ತೆ, ಆದ್ರೆ ಅದು ಮಾದರಿ ಮಾತ್ರ, ರಾಜ್ಯ ತಗೊಂಡ್ರೇ ಜಾರಿ. ಹಾಗಾಗಿ ಚೌಕಾಸಿ ಮಾಡಿ, ಕೊಟ್ಟಿದ್ದಕ್ಕೆ ಬರಹದಲ್ಲಿ ರಸೀದಿ ತಗೊಳ್ಳಿ. 11 ತಿಂಗಳ ಅಗ್ರಿಮೆಂಟ್ ಯಾಕೆ ಅಂದ್ರೆ, ವರ್ಷ ದಾಟಿದ್ರೆ ರಿಜಿಸ್ಟರ್ ಮಾಡಿಸ್ಬೇಕು. ಪೇಂಟ್‌ಗೆ ಎಷ್ಟು ಹಿಡಿತಾರೆ ಅಂತ ಸೇರೋ ದಿನವೇ ಬರೆಸ್ಕೊಳ್ಳಿ.

ಉಳಿದದ್ದು ನನ್ನಂಥವರಿಗೆ, ಮನೆದೇವರ ಹೆಸರು ಹೇಳಿದ ತಕ್ಷಣ ಓನರ್ ಮುಖ ಅರಳೋ ಜನಕ್ಕೆ. ಆ ಪ್ರಶ್ನೆಗೆ ಉತ್ತರ ಕೊಡಬೇಡಿ. "ಸಾರ್, ಸಂಬಳದ ಸ್ಲಿಪ್ ಬೇಕಾದ್ರೆ ತೋರಿಸ್ತೀನಿ" ಅನ್ನಿ. ಒಂದಷ್ಟು ಮನೆ ಕೈತಪ್ಪುತ್ತೆ, ತಪ್ಪಲಿ. ಉತ್ತರ ಸಿಗೋ ತನಕ ಪ್ರಶ್ನೆ ನಿಲ್ಲಲ್ಲ, ಮತ್ತೆ ಆ ಉತ್ತರ ಕೊಟ್ಟರೆ ನಷ್ಟ ಆಗದೇ ಇರೋರು ನಾವು ಮಾತ್ರ. ಇಬ್ಬರು ಸೇರಿ ಹುಡುಕೋವಾಗ ಒಬ್ಬರಿಗೆ ಇಲ್ಲ ಅಂದ್ರೆ ಇಬ್ಬರಿಗೂ ಇಲ್ಲ. ಖಾಲಿ ಮಾಡೋವಾಗ, ನಮ್ಮೂರಲ್ಲಿ ಎಷ್ಟೋ ಮನೆ ಬೋರ್ಡ್ ಏರೋ ಮೊದಲೇ ಬಾಯಿಮಾತಲ್ಲೇ ಕೈ ಬದಲಾಗುತ್ತೆ, ಓನರ್ "ನಿಮ್ಮ ಥರದವರೇ ಯಾರಾದ್ರೂ ಇದ್ರೆ ಹೇಳಿ" ಅಂತಾರಲ್ಲ, ಆವಾಗ ಯಾರ ಹೆಸರು ಹೇಳ್ತೀರಾ ಅಂತ ಯೋಚನೆ ಮಾಡಿ.

ನನ್ನ 11 ತಿಂಗಳು ಮುಂದಿನ ತಿಂಗಳು ಮುಗಿಯುತ್ತೆ. ಓನರ್ ಹತ್ರ ಹೋಗಿ, ರಿನ್ಯೂ ಮಾಡೋದಾದ್ರೆ ಇಬ್ಬರು, ಇಲ್ಲಾಂದ್ರೆ ಖಾಲಿ ಅಂದೆ. "ನೋಡೋಣಮ್ಮ" ಅಂದರು. ದೊಡ್ಡ ಸಾಧನೆ ಮಾಡಿದವಳ ಥರ ಗೆಳತಿಗೆ ಫೋನ್ ಮಾಡಿದೆ. ಅವಳು ನಕ್ಕಳು. "ಬೇಡ ಅಂದವರ ಮನೆ ಮೆಟ್ಟಿಲು ನಾನ್ಯಾಕೆ ದಿನಾ ಹತ್ತಬೇಕು?" ಅಂದಳು. ನನಗೆ ಅದು ಹೊಳೆದೇ ಇರಲಿಲ್ಲ.

ಹಾಗಾಗಿ ಮತ್ತೆ ಹುಡುಕ್ತಿದೀವಿ. ಮೊದಲನೇ ಫೋನ್‌ನಲ್ಲೇ ಇಬ್ಬರ ಪೂರ್ತಿ ಹೆಸರು ಹೇಳ್ತೀವಿ. ಈ ವಾರ ಐದು ಮನೆ. ಮೂರು ಕಡೆ "ಆಗೋಯ್ತು", ಅದರಲ್ಲಿ ಒಂದರ ಬೋರ್ಡ್ ಇವತ್ತು ಬೆಳಿಗ್ಗೆಯೂ ಗೇಟ್ ಮೇಲೇ ಇತ್ತು, ಕೊನೇ ಫೋಟೋ ಅದೇ. ಒಂದು ಕಡೆ ನೀರಿನ ತೊಂದರೆ. ಐದನೆಯದು ಹೂಟಗಳ್ಳಿ ಹತ್ರ, ಒಬ್ಬ ಅಜ್ಜಿ ಫೋನಲ್ಲಿ ಕೇಳಿದ್ದು ಎರಡೇ ಪ್ರಶ್ನೆ: ಗಾಡಿ ಇದೆಯಾ, ರಾತ್ರಿ ಗೇಟಿಗೆ ಬೀಗ ಸರಿಯಾಗಿ ಹಾಕ್ತೀರಾ. ನಾಳೆ ಸಂಜೆ 6ಕ್ಕೆ ನೋಡೋಕೆ ಹೋಗ್ತಿದೀವಿ.

#ಮೈಸೂರು #ಬಾಡಿಗೆಮನೆ #ಟುಲೆಟ್ #ಮನೆದೇವರುಯಾವುದಮ್ಮ