ಕೆರಿಬಿಯನ್ ಕಡಲಿನಲ್ಲಿ ಹಾಯಿದೋಣಿ

ಪರದೇಶಗಳಲ್ಲಿ ಉದ್ಯೋಗದಲ್ಲಿರುವ ಮಕ್ಕಳುಳ್ಳ ಗೃಹಸ್ಥರು ಈಚೆಗೆ ಒಂದು ಹೊಸ ಬಗೆಯ ಚಿಂತೆಗೆ ಗುರಿಯಾಗಿರುವರು. ರಜೆ ಬಂದಿತೆಂದರೆ ಮಗನು ಊರಿಗೆ ಬರುವುದಕ್ಕೆ ಬದಲಾಗಿ, ನಾಲ್ವರು ಗೆಳೆಯರೊಡಗೂಡಿ ಹಾಯಿದೋಣಿಯೊಂದನ್ನು ಬಾಡಿಗೆಗೆ ಹಿಡಿದು, ಕೆರಿಬಿಯನ್ ಸಮುದ್ರದಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುವೆನೆಂದು ತಿಳಿಸುವನು. ತಾಯಿಯು ಭೂಪಟವನ್ನು ತೆಗೆದು, ಸಾಸುವೆಕಾಳನ್ನು ಚೆಲ್ಲಿದಂತಿರುವ ಆ ದ್ವೀಪಗಳನ್ನು ಕಂಡು ಮತ್ತಷ್ಟು ಹೆದರುವಳು. ಇದು ಹುಚ್ಚು ಸಾಹಸವೆ, ಅಥವಾ ಬುದ್ಧಿವಂತರು ಮಾಡತಕ್ಕ ಯಾತ್ರೆಯೆ ಎಂದು ನಮ್ಮನ್ನು ಕೇಳಿದವರುಂಟು. ನಾವು ಆ ಕಡಲನ್ನು ಕಣ್ಣಾರೆ ಕಂಡವರಲ್ಲ. ಆದರೆ ನಮ್ಮಲ್ಲಿ ಸಂಸ್ಕೃತವನ್ನೋದಿದ ಶಿಷ್ಯನೊಬ್ಬನು ಆ ಯಾತ್ರೆಯನ್ನು ಮುಗಿಸಿ ಬಂದು, ಎರಡು ದಿನ ನಮ್ಮ ಮನೆಯಲ್ಲಿದ್ದು, ಎಲ್ಲವನ್ನೂ ಸವಿಸ್ತಾರವಾಗಿ ಹೇಳಿದನು. ಉಳಿದುದನ್ನು ಪುಸ್ತಕಗಳಿಂದ ತಿಳಿದುಕೊಂಡೆವು.

ವೆಸ್ಟ್ ಇಂಡೀಸ್ ಎಂದೊಡನೆ ನಮ್ಮವರಿಗೆ ಕ್ರಿಕೆಟ್ ಆಟದ ನೆನಪಾಗುವುದಷ್ಟೆ. ತಂಡವು ಒಂದಾದರೂ ದೇಶವು ಒಂದಲ್ಲ. ವರ್ಜಿನ್ ದ್ವೀಪಗಳಿಂದ ಗ್ರೆನೇಡದವರೆಗೆ ಸಣ್ಣ ಸಣ್ಣ ದ್ವೀಪಗಳು ಬಿಲ್ಲಿನಂತೆ ಬಾಗಿ ನಿಂತಿರುವುವು. ಇವುಗಳಿಗೆ ಮೂಡಲಲ್ಲಿ ಅಟ್ಲಾಂಟಿಕ್ ಮಹಾಸಾಗರ, ಪಡುವಲಲ್ಲಿ ಕೆರಿಬಿಯನ್ ಸಮುದ್ರ. ಆಕಾಶವು ತಿಳಿಯಾಗಿದ್ದರೆ ಒಂದು ದ್ವೀಪದ ದಡದಲ್ಲಿ ನಿಂತವನಿಗೆ ಮುಂದಿನ ದ್ವೀಪದ ಬೆಟ್ಟವು ಅನೇಕ ಕಡೆಗಳಲ್ಲಿ ಕಾಣಿಸುವುದು. ಇಲ್ಲಿಯೇ ಇದೆಯಲ್ಲಾ, ಮಧ್ಯಾಹ್ನದೊಳಗೆ ಮುಟ್ಟಬಹುದೆಂದು ತೋರುವುದು. ಅಪಾಯದ ಮೊದಲ ಮೆಟ್ಟಿಲು ಅದೇ ಎಂದು ನಮ್ಮ ಎಣಿಕೆ.

ಆ ಕಡಲಿನಲ್ಲಿ ಗಾಳಿಯು ವರ್ಷದ ಬಹುಭಾಗ ಮೂಡಲ ಕಡೆಯಿಂದಲೇ ಬೀಸುವುದು. ಇದಕ್ಕೆ ವಾಣಿಜ್ಯ ಮಾರುತವೆಂದು ಹೆಸರು. ಸಾಮಾನ್ಯವಾಗಿ ಇದರ ವೇಗವು 15ರಿಂದ 20 ನಾಟ್. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರು. ಡಿಸೆಂಬರ್ ಜನವರಿಗಳಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಮೇಲೆ ವಾಯುವಿನ ಒತ್ತಡವು ಹೆಚ್ಚಲು, ಇದೇ ಗಾಳಿಯು 25, 30 ನಾಟುಗಳಿಗೆ ಏರಿ, ಕೆಲವು ವೇಳೆ ದಿನಗಟ್ಟಲೆ ಇಳಿಯದು. ಅಲ್ಲಿಯವರು ಇದನ್ನು ಕ್ರಿಸ್‌ಮಸ್ ಗಾಳಿಯೆನ್ನುವರು. ಹೆಸರು ಹಬ್ಬದ್ದಾದರೂ ಸ್ವಭಾವವು ಹಬ್ಬದ್ದಲ್ಲ. ಗಾಳಿಯ ವೇಗವು ಇಮ್ಮಡಿಯಾದರೆ ಹಾಯಿಯ ಮೇಲೆ ಬೀಳುವ ಬಲವು ನಾಲ್ಮಡಿಯಾಗುವುದೆಂಬುದು ಗಣಿತ. ಆದುದರಿಂದ ಹಾಯಿಯನ್ನು ಮಡಿಸಿ ಕಿರಿದುಮಾಡುವ ಕೆಲಸವನ್ನು ಗಾಳಿಯು ಏರುವುದಕ್ಕೆ ಮುನ್ನವೇ ಮಾಡತಕ್ಕದ್ದು. ಏರಿದ ಮೇಲೆ ಮಾಡಹೊರಟವನಿಗೆ ನಾಲ್ಕು ಕೈಗಳಿದ್ದರೂ ಸಾಲದು.

ಮತ್ತೊಂದು ಸಂಗತಿಯನ್ನೂ ತಿಳಿದಿರಬೇಕು. ಬೆಟ್ಟಗಳ ಮರೆಯಲ್ಲಿ, ದ್ವೀಪದ ಪಡುವಣ ದಡವನ್ನು ಹಿಡಿದು ಹೋಗುವಾಗ, ಕಡಲು ಕೆರೆಯಂತಿರುವುದು. ಮರೆಯು ಮುಗಿದು ಎರಡು ದ್ವೀಪಗಳ ನಡುವಣ ಜಲಸಂಧಿಯು ತೆರೆದೊಡನೆ, ಬೆಟ್ಟದ ಕೊನೆಯನ್ನು ಬಳಸಿ ಬರುವ ಗಾಳಿಯು ಇನ್ನೂ ರಭಸಗೊಂಡು ಬಡಿಯುವುದು. ಅಟ್ಲಾಂಟಿಕ್ಕಿನ ಅಲೆಗಳಿಗೆ ತಡೆಯೆಂಬುದಿಲ್ಲ. ಸೇಂಟ್ ಲೂಸಿಯಕ್ಕೂ ಸೇಂಟ್ ವಿನ್ಸೆಂಟಿಗೂ ನಡುವೆ ಇರುವ ಜಲಸಂಧಿಯು ಸುಮಾರು 25 ನಾಟಿಕಲ್ ಮೈಲಿ. ಸೇಂಟ್ ವಿನ್ಸೆಂಟಿನ ಬಡಗಣ ತುದಿಯಲ್ಲಿ ಸೂಫ್ರಿಯೇರ್ ಎಂಬ ಅಗ್ನಿಪರ್ವತವುಂಟು. 2021ರಲ್ಲಿ ಸಿಡಿದದ್ದು ಅದೇ. ಅದರ ಬುಡದ ಕಡಲು ನಾವಿಕರಿಗೆ ಚೆನ್ನಾಗಿ ಪರಿಚಿತವಾದುದು.

ಚಂಡಮಾರುತಗಳ ಮಾತು ಬೇರೆ. ಅವುಗಳ ಕಾಲವು ಜೂನ್ 1ರಿಂದ ನವೆಂಬರ್ 30ರವರೆಗೆ. ಇಂಗ್ಲಿಷಿನ ಹರಿಕೇನ್ ಎಂಬ ಶಬ್ದವೇ ಆ ದ್ವೀಪಗಳ ಮೂಲನಿವಾಸಿಗಳಾದ ಟೈನೋ ಜನರ ನುಡಿಯಿಂದ ಬಂದುದು. 1780ರ ಅಕ್ಟೋಬರಿನ ಮಹಾ ಚಂಡಮಾರುತದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಗಿಲಾಗಿ ಜನರು ಮಡಿದರು. 1875ರಲ್ಲಿ ಹವಾನ ನಗರದ ಬೆಲೆನ್ ವಿದ್ಯಾಶಾಲೆಯ ಬೆನಿತೊ ವಿನ್ಯೆಸ್ ಎಂಬ ಪಾದ್ರಿಯು ಮೋಡಗಳ ಚಲನೆಯನ್ನು ನೋಡಿ, ಚಂಡಮಾರುತವು ಬರುವುದೆಂದು ಮುಂದಾಗಿ ಪ್ರಕಟಿಸಿದನು. ವಿದ್ಯಾಶಾಲೆಯವನೊಬ್ಬನು ಹೀಗೆ ನಾವಿಕರ ಪ್ರಾಣಕ್ಕೆ ನೆರವಾದನೆಂಬುದು ನಮಗೆ ಸಂತೋಷದ ವಿಷಯ. ಮುನ್ಸೂಚನೆಯುಂಟೆಂದ ಮಾತ್ರಕ್ಕೆ ದೋಣಿಯು ಉಳಿಯುವುದೆಂದಲ್ಲ. 2024ರ ಜುಲೈ 1ರಂದು ಬೆರಿಲ್ ಎಂಬ ಚಂಡಮಾರುತವು ಗ್ರೆನೇಡಕ್ಕೆ ಸೇರಿದ ಕರಿಯಾಕೂ ದ್ವೀಪವನ್ನು ಹೊಡೆದಾಗ, ಟಿರೆಲ್ ಕೊಲ್ಲಿಯ ಕಾಂಡ್ಲಾ ಗಿಡಗಳ ನಡುವೆ ಸುರಕ್ಷಿತವೆಂದು ಕಟ್ಟಿಹಾಕಿದ್ದ ದೋಣಿಗಳು ಸಹ ಒಂದರ ಮೇಲೊಂದು ಬಿದ್ದು ಮುರಿದುವು. ಆ ತಿಂಗಳುಗಳಲ್ಲಿ ವಿಹಾರಕ್ಕೆಂದು ಹೊರಡುವ ಮಗನನ್ನು ತಂದೆಯು ತಡೆದರೆ ನಾವು ತಂದೆಯ ಪಕ್ಷ.

ನಮ್ಮ ಶಿಷ್ಯನು ಹೋದದ್ದು ಜನವರಿಯಲ್ಲಿ. ಐವರು ಸೇಂಟ್ ಲೂಸಿಯದ ರಾಡ್ನಿ ಕೊಲ್ಲಿಯಲ್ಲಿ ನಲವತ್ತು ಅಡಿಯ ದೋಣಿಯನ್ನು ಹಿಡಿದರು. ಅವರಲ್ಲಿ ಒಬ್ಬನು ಮಾತ್ರ ಹಾಯಿವಿದ್ಯೆಯನ್ನು ಕ್ರಮವಾಗಿ ಕಲಿತವನು; ಅವನೇ ಕರ್ಣಧಾರನಾದನು. (ಕರ್ಣವೆಂದರೆ ಚುಕ್ಕಾಣಿ. ಕೂವೆಮರಕ್ಕೆ ಅಮರಕೋಶದಲ್ಲಿ ಗುಣವೃಕ್ಷಕವೆಂಬ ಹೆಸರುಂಟು, ಹಗ್ಗಗಳ ಮರ. ಶಿಷ್ಯನು ಅದನ್ನು ದೋಣಿಯಲ್ಲಿ ಕುಳಿತು ನೆನೆದನಂತೆ; ಪಾಠವು ವ್ಯರ್ಥವಾಗಲಿಲ್ಲ.) ತೆಂಕಲಿಗೆ ಹೋಗುವಾಗ ಸೇಂಟ್ ವಿನ್ಸೆಂಟಿನ ತುದಿಯ ಬಳಿ ಮೂಡಲಲ್ಲಿ ಕರಿಯ ಮೋಡದ ಸಾಲು ಕಂಡಿತು. ಹಾಯಿಯನ್ನು ಕಿರಿದುಮಾಡೋಣವೆಂದು ಕರ್ಣಧಾರನು ಹೇಳಲು, ಉಳಿದವರು ಈಗಲೇ ಏಕೆಂದು ನಕ್ಕರು; ಅವನೂ ದಾಕ್ಷಿಣ್ಯಕ್ಕೆ ಸುಮ್ಮನಾದನು. ಹತ್ತು ನಿಮಿಷಗಳಲ್ಲಿ ಮಳೆಯೂ ಗಾಳಿಯೂ ಒಟ್ಟಿಗೆ ಬಂದುವು. ದೋಣಿಯು ಒಂದು ಮಗ್ಗುಲಿಗೆ ವಾಲಿತು. ಕೆಳಗಿನ ಕೋಣೆಯಲ್ಲಿ ಪಾತ್ರೆಗಳೂ ಅನ್ನವೂ ನೆಲದ ಪಾಲಾದುವು. ಒಬ್ಬನು ಬಿದ್ದು ಪಕ್ಕೆಲುಬಿಗೆ ಪೆಟ್ಟು ಮಾಡಿಕೊಂಡನು. ಸೊಂಟಕ್ಕೆ ಕಟ್ಟಿದ ಹಗ್ಗವಿಲ್ಲದಿದ್ದರೆ ಅವನು ಕಡಲಿನಲ್ಲಿರುತ್ತಿದ್ದನು.

ಬೆಕ್ವಿ ದ್ವೀಪದ ಕೊಲ್ಲಿಯು ಪಡುವಲಿಗೆ ತೆರೆದಿರುವುದರಿಂದ ಅಲ್ಲಿ ಗಾಳಿಗೆ ಮರೆಯುಂಟು. ಅಲ್ಲಿ ಲಂಗರು ಹಾಕಿ ನಾಲ್ಕು ದಿನ ಸುಖವಾಗಿದ್ದರು. ಹಿಂದಿರುಗುವ ಹೊತ್ತಿಗೆ ಗಾಳಿಯು 30 ನಾಟೆಂದು ಮುನ್ಸೂಚನೆ ಬಂದಿತು. ಹಾಯಿದೋಣಿಯು ಗಾಳಿಗೆ ನೇರವಾಗಿ ಎದುರು ಹೋಗಲಾರದು. ಓರೆಯಾಗಿ ಹೋಗಿ, ತಿರುಗಿ, ಮತ್ತೆ ಓರೆಯಾಗಿ ಹೋಗಬೇಕು. ಬಡಗಲಿಗೆ ಹೋಗುವವರಿಗೆ ಆ ಗಾಳಿಯು ಬಹುಮಟ್ಟಿಗೆ ಮುಖಕ್ಕೇ ಬರುವುದು. ಕರ್ಣಧಾರನು ಎರಡು ದಿನ ಇಲ್ಲಿಯೇ ಇರೋಣವೆಂದನು. ಗೆಳೆಯರಲ್ಲಿ ಒಬ್ಬನಿಗೆ ಭಾನುವಾರ ಸೇಂಟ್ ಲೂಸಿಯದಿಂದ ವಿಮಾನ, ಸೋಮವಾರ ಹೊಸ ಉದ್ಯೋಗ. ಅವನು ಮತಗಳನ್ನು ಎಣಿಸೋಣವೆಂದನು. ಎಣಿಸಿದರೆ ಮೂವರು ಹೊರಡುವ ಪಕ್ಷ. ನಮ್ಮ ಶಿಷ್ಯನೂ ಅವರಲ್ಲಿ ಒಬ್ಬನು! “ಅಡಿಗೆಗೆ ಏನು ಮಾಡಬೇಕೆಂಬುದಕ್ಕೆ ಮತ ಹಾಕಿರಿ, ಇದಕ್ಕಲ್ಲ” ಎಂದು ಕರ್ಣಧಾರನು ಲಂಗರಿನ ಬಳಿಯೇ ಕುಳಿತುಬಿಟ್ಟನು. “ಬಾಡಿಗೆಯನ್ನು ಐವರೂ ಸಮನಾಗಿ ಕೊಟ್ಟಿರುವೆವು, ನೀನೇನು ನಮ್ಮ ಯಜಮಾನನೆ?” ಎಂದು ಅವನು ಕೂಗಾಡಿದನು. ಹನ್ನೆರಡು ವರ್ಷದ ಗೆಳೆತನ. ಕೊನೆಗೆ ಅವನು ಬೆಳಗಿನ ಹಡಗಿನಲ್ಲಿ, ಒಂದು ಗಂಟೆಯ ದಾರಿ, ಕಿಂಗ್ಸ್‌ಟೌನಿಗೆ ಹೋಗಿ, ಸೇಂಟ್ ವಿನ್ಸೆಂಟಿನಿಂದಲೇ ವಿಮಾನವೇರಿದನು. ಉಳಿದವರು ಮೂರನೆಯ ದಿನ, ಗಾಳಿಯು ತಗ್ಗಿದ ಮೇಲೆ, ಮೊದಲೇ ಕಿರಿದುಮಾಡಿದ ಹಾಯಿಯಿಂದ ಹೊರಟು ಸಂಜೆಗೆ ಸೇಂಟ್ ಲೂಸಿಯವನ್ನು ಸೇರಿದರು. ಹೆಚ್ಚಿನ ದಿನಗಳ ಬಾಡಿಗೆಯಲ್ಲಿ ತನ್ನ ಪಾಲನ್ನು ಹೋದವನು ಕಳುಹಿಸಿದನಂತೆ. ಮಾತನ್ನು ಮಾತ್ರ ಇನ್ನೂ ಆಡಿಲ್ಲ.

ಕರ್ಣಧಾರನು ಮಾಡಿದುದು ಸರಿಯೆಂದು ನಮಗೆ ಸಂದೇಹವಿಲ್ಲ. ಸಮಾನರಾದ ಗೆಳೆಯರಲ್ಲಿ ಒಬ್ಬನ ಮಾತೇ ಕೊನೆಯದೆಂದು ಒಪ್ಪುವುದು ದಡದಲ್ಲಿ ಕಷ್ಟ, ಕಡಲಿನಲ್ಲಿ ಅವಶ್ಯ. ಅದನ್ನು ಲಂಗರು ಎತ್ತುವುದಕ್ಕೆ ಮುಂಚೆಯೇ ಗೊತ್ತುಮಾಡಿಕೊಳ್ಳದಿದ್ದುದೇ ಆ ಐವರ ಲೋಪ. ಆದಕಾರಣ ಮಗನನ್ನಾಗಲಿ ಮಗಳನ್ನಾಗಲಿ ಹೋಗಬೇಡವೆನ್ನುವುದಕ್ಕೆ ಮೊದಲು, ಚುಕ್ಕಾಣಿಯು ಯಾರ ಕೈಯಲ್ಲಿ, ಅವನು ಬೇಡವೆಂದರೆ ನೀವು ಕೇಳುವಿರಾ ಎಂದು ವಿಚಾರಿಸಿರಿ. ಹಿಂದಿರುಗುವ ವಿಮಾನಕ್ಕೂ ದೋಣಿಯನ್ನೊಪ್ಪಿಸುವ ದಿನಕ್ಕೂ ನಡುವೆ ಮೂರು ದಿನಗಳಾದರೂ ಬಿಡುವಿರಲಿ. ಆ ವೆಚ್ಚಕ್ಕೆ ನೀವೇ ಹಣ ಕೊಟ್ಟರೂ ನಷ್ಟವಿಲ್ಲ. ಜಲಸಂಧಿಯ ನಡುವೆ ದೂರವಾಣಿಯು ಕೆಲವು ಗಂಟೆಗಳ ಕಾಲ ಸಿಕ್ಕದಿರಬಹುದು, ಅದಕ್ಕೆ ಗಾಬರಿಪಡಬೇಕಾಗಿಲ್ಲ. ಹೊರಡುವ ಹೊತ್ತು, ಮುಟ್ಟಬೇಕಾದ ಕೊಲ್ಲಿಯ ಹೆಸರು, ದೋಣಿಯನ್ನು ಕೊಟ್ಟವರ ದೂರವಾಣಿಯ ಸಂಖ್ಯೆ, ಇವನ್ನು ಪ್ರತಿದಿನ ಬೆಳಗ್ಗೆ ಬರೆದು ಕಳುಹಿಸೆಂದು ಕೇಳಿಕೊಳ್ಳಿರಿ. ಅಲ್ಲಿ ಬೆಳಗಿನ ಎಂಟು ಗಂಟೆಯಾದಾಗ ನಮ್ಮಲ್ಲಿ ಸಂಜೆ ಐದೂವರೆ.