ಬೀಗ ಹಾಕಿದ ಬೀರುವಿನ ಪುಸ್ತಕಗಳು

ನಾವು ಪಂಡಿತರಲ್ಲ. ಗಿರಣಿಯ ಪಾಳಿ ಮುಗಿಸಿದವರು, ಅಂಗಡಿಯ ಬಾಗಿಲು ಹಾಕಿದವರು, ರಜೆ ಸಿಕ್ಕ ದಿನ ವಾಚನಾಲಯದ ಬೆಂಚಿನ ಮೇಲೆ ಕುಳಿತು ಓದುವ ಸಾಮಾನ್ಯ ಜನ. ಆದರೂ ಪುಸ್ತಕವನ್ನು ತೂಗಲು ನಮ್ಮದೇ ಒಂದು ತಕ್ಕಡಿ ಇದೆ. ಚರಿತ್ರೆಯ ಗ್ರಂಥವಾಗಲಿ, ನಿಘಂಟಾಗಲಿ, ಕೈಗೆ ಬಂದೊಡನೆ ನಾವು ಮುನ್ನುಡಿ ಓದುವುದಿಲ್ಲ. ಮಗ್ಗ, ಗಾಣ, ಕೂಲಿ, ಸುಂಕ, ಸೇರು, ಈ ಮಾತುಗಳಲ್ಲಿ ಯಾವುದಾದರೊಂದನ್ನು ಹುಡುಕುತ್ತೇವೆ. ನಮಗೆ ಗೊತ್ತಿರುವ ವಿಷಯದಲ್ಲಿ ಗ್ರಂಥಕರ್ತ ಎಷ್ಟು ಪ್ರಾಮಾಣಿಕನೆಂದು ತಿಳಿದರೆ, ಗೊತ್ತಿಲ್ಲದ ವಿಷಯದಲ್ಲಿ ಅವನನ್ನು ಎಷ್ಟು ನಂಬಬೇಕೆಂಬುದೂ ತಿಳಿಯುತ್ತದೆ.

ಈ ಪರೀಕ್ಷೆಯಲ್ಲಿ ಮೊದಲು ತೇರ್ಗಡೆಯಾದವನು ನಮ್ಮ ಮಿತ್ರನಲ್ಲ ಎಂಬುದೇ ತಮಾಷೆ. 1799ರಲ್ಲಿ ಟಿಪ್ಪು ಮಡಿದ ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಸೀಮೆಯನ್ನು ನೋಡಿಬರಲು ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಕಳುಹಿಸಿದ. ಅವನ ಪ್ರವಾಸದ ವರದಿ 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಗೆದ್ದ ನಾಡಿನಿಂದ ಎಷ್ಟು ಹುಟ್ಟುವಳಿ ಎತ್ತಬಹುದು ಎಂಬ ಲೆಕ್ಕ ಕಂಪನಿಗೆ ಬೇಕಾಗಿತ್ತು. ಅದಕ್ಕಾಗಿಯೇ ಈ ಪುಸ್ತಕ. ಆದರೆ ಇಂಗ್ಲಿಷ್ ಬಲ್ಲ ಸಂಗಾತಿಯೊಬ್ಬರು ಅದರ ಕೆಲವು ಪುಟಗಳನ್ನು ಓದಿ ಹೇಳಿದಾಗ ನಾವು ಬೆರಗಾದೆವು. ಬೆಂಗಳೂರಿನಲ್ಲಿ ಯಾವ ಯಾವ ಪಂಗಡದವರು ಯಾವ ಬಟ್ಟೆ ನೇಯುತ್ತಾರೆ, ವರ್ತಕರು ನೇಕಾರರಿಗೆ ಮುಂಗಡ ಹೇಗೆ ಕೊಡುತ್ತಾರೆ, ಸೇರಿನ ತೂಕವೆಷ್ಟು, ಹೊಲದ ಆಳಿಗೆ ಸಿಗುವುದೇನು, ಎಲ್ಲವನ್ನೂ ಆ ಮನುಷ್ಯ ಊರೂರಿನಲ್ಲಿ ಕೇಳಿ ಬರೆದುಕೊಂಡಿದ್ದಾನೆ. ಲೂಟಿಗೆ ಬಂದ ಧಣಿಯ ಗುಮಾಸ್ತ ನಿಜ. ಆದರೆ ಅಚ್ಚುಕಟ್ಟಾದ ಗುಮಾಸ್ತ. ಅದೇ ಕಾಲದ ಕರ್ನಲ್ ವಿಲ್ಕ್ಸ್ 1810ರಿಂದ 1817ರೊಳಗೆ ಪ್ರಕಟಿಸಿದ ಚರಿತ್ರೆಯೂ ಮೂರು ಸಂಪುಟದ್ದೇ. ಅಲ್ಲಿ ಕೋಟೆಗಳಿವೆ, ಕಾಳಗಗಳಿವೆ, ಹೈದರ್ ಟಿಪ್ಪುಗಳ ಮೇಲೆ ಗೆದ್ದವರ ಸಿಟ್ಟಿದೆ. ಅದನ್ನು ಜರಡಿ ಹಿಡಿದೇ ಓದಬೇಕು.

ಇನ್ನು ನಮ್ಮವರ ವಿಷಯ. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ 1917ರಲ್ಲಿ ಹೊರಬಂದಾಗ ಕನ್ನಡಿಗರು ಹಲವು ಸರ್ಕಾರಗಳ ಕೆಳಗೆ ಹರಿದು ಹಂಚಿಹೋಗಿದ್ದರು. ತಮ್ಮ ಹಿರಿಮೆಯನ್ನೇ ಮರೆತ ಜನರನ್ನು ತಟ್ಟಿ ಎಬ್ಬಿಸಲು ಚಾಲುಕ್ಯರ, ವಿಜಯನಗರದ ವೈಭವದ ಮಾತು ಆಗ ಬೇಕಿತ್ತು. ಅದಕ್ಕೆ ನಾವು ಕೈಮುಗಿಯುತ್ತೇವೆ. ಆದರೆ 1956ರಲ್ಲಿ ನಾಡು ಒಂದಾಯಿತು. ಆಮೇಲೂ ನಮ್ಮ ಪಠ್ಯಪುಸ್ತಕ ಬರೆಯುವವರು ಅದೇ ಪಲ್ಲವಿಯನ್ನು ಹಾಡುತ್ತಾ ಕುಳಿತಿದ್ದಕ್ಕೆ ಕಾರಣವೇನು? ಮಕ್ಕಳು ಇಂದಿಗೂ ಅರಸರ ವಂಶಾವಳಿಯನ್ನು ಬಾಯಿಪಾಠ ಮಾಡುತ್ತಾರೆ. ಆ ಅರಸರಿಗೆ ಬಟ್ಟೆ ನೇಯ್ದವರು ಯಾರೆಂದು ಅವರಿಗೆ ಯಾರೂ ಹೇಳುವುದಿಲ್ಲ.

ಸಾಮಗ್ರಿ ಇಲ್ಲವೆಂದು ಹೇಳಬೇಡಿ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಸಾಹೇಬರು 1886ರಿಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಅಚ್ಚು ಹಾಕಿಸಿದ್ದಾರೆ. ಶಾಸನದ ಕಲ್ಲನ್ನು ನೋಡಿದವರಿಗೆ ಗೊತ್ತು: ಮೊದಲ ಸಾಲುಗಳಲ್ಲಿ ದೊರೆಯ ಬಿರುದುಗಳ ಮೆರವಣಿಗೆ. ಕೆಳಕ್ಕೆ ಬಂದರೆ ಗಾಣದೆರೆ, ಮಗ್ಗದೆರೆ, ಸಂತೆಯ ಸುಂಕ. ದೇವರ ದೀಪಕ್ಕೆ ಗಾಣಿಗರು ಬಿಟ್ಟ ಎಣ್ಣೆ. ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳು ಒಮ್ಮತದಿಂದ ಕೊಟ್ಟ ದಾನ. ನಮ್ಮ ಚರಿತ್ರೆಕಾರರಲ್ಲಿ ಹೆಚ್ಚಿನವರು ಮೇಲಿನ ಸಾಲುಗಳನ್ನು ಓದಿ, ಕೆಳಗಿನ ಸಾಲುಗಳನ್ನು ಕಲ್ಲಿನಲ್ಲೇ ಬಿಟ್ಟರು. ಕೆಳಗಿನದನ್ನು ಓದಿದ ವಿದ್ವಾಂಸರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಅವರ ಪುಸ್ತಕಗಳು ಶಾಲೆಯ ತನಕ ಬರುವುದಿಲ್ಲ.

ಅಳತೆಯ ಮಾತು ಕ್ಷುಲ್ಲಕವೆಂದು ಯಾರಾದರೂ ನಕ್ಕರೆ ಅವರಿಗೆ 1951ರ ಕಾಗೋಡನ್ನು ನೆನಪಿಸಬೇಕು. ಸಾಗರ ತಾಲ್ಲೂಕಿನ ಆ ಹಳ್ಳಿಯ ಗೇಣಿದಾರರು ಧಣಿಯ ಎದುರು ನಿಂತದ್ದು ಭತ್ತ ಅಳೆಯುವ ಕೊಳಗದ ಪ್ರಮಾಣದ ಜಗಳದಿಂದ. ಸಮಾಜವಾದಿಗಳು ಅವರ ಬೆನ್ನಿಗೆ ನಿಂತರು, ಲೋಹಿಯಾ ಬಂದು ದಸ್ತಗಿರಿಯಾದರು. ಈಗ ಕರ್ನಾಟಕದ ಚರಿತ್ರೆ ಎಂದು ಹೆಸರಿಟ್ಟುಕೊಂಡ ಯಾವ ಪುಸ್ತಕ ಕೈಗೆ ಬಂದರೂ ನಾವು ಕಾಗೋಡಿನ ಪುಟ ತೆಗೆಯುತ್ತೇವೆ. ನಾಯಕರ ಹೆಸರಿದ್ದು ಕೊಳಗದ ಮಾತಿಲ್ಲದಿದ್ದರೆ, ಬರೆದವರು ಜಗಳವನ್ನು ದೂರದಿಂದ ಕೇಳಿದವರೆಂದು ತಿಳಿಯುತ್ತೇವೆ. ಗಿರಣಿಯವರಿಗೆ ಇಷ್ಟೂ ದಕ್ಕಿಲ್ಲ. ಕೋಲಾರದ ಗಣಿಯವರ, ಬೆಂಗಳೂರು ಗಿರಣಿಯವರ ಬದುಕನ್ನು ಶ್ರದ್ಧೆಯಿಂದ ಬರೆದ ಜಾನಕಿ ನಾಯರ್ ಅವರ ಗ್ರಂಥ 1998ರಲ್ಲಿ ಬಂತು, ಇಂಗ್ಲಿಷಿನಲ್ಲಿ. ಯಾರ ಕಥೆಯೋ ಅವರಲ್ಲಿ ಎಷ್ಟು ಜನ ಅದನ್ನು ಓದಬಲ್ಲರು?

ನಿಘಂಟುಗಳಲ್ಲಿ ನಮಗೆ ಕಿಟೆಲ್ ಪಾದ್ರಿಗಳ ಮೇಲೆ ಹೆಚ್ಚು ಪ್ರೀತಿ. 1894ರ ಆ ಗ್ರಂಥದಲ್ಲಿ ಕಾವ್ಯದ ಮಾತಿನ ಪಕ್ಕದಲ್ಲೇ ಹೊಲಮನೆಯ ಮಾತು, ಗಾದೆಮಾತು ಕುಳಿತಿದೆ, ಪಂಕ್ತಿಭೇದವಿಲ್ಲ. ಅರ್ಥ ಇಂಗ್ಲಿಷಿನಲ್ಲಿದೆಯೆಂಬುದು ನಮಗೆ ತೊಡಕು. (ಮಂಗಳೂರಿನ ಮಿಷನ್ ಛಾಪಖಾನೆಯಲ್ಲಿ ಸಾವಿರಾರು ಪುಟಕ್ಕೆ ಒಂದೊಂದೇ ಮೊಳೆ ಜೋಡಿಸಿದವರ ನೆನಪೂ ನಮಗೆ ಬರುತ್ತದೆ.) ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಕನ್ನಡದಲ್ಲೇ ಅರ್ಥ ಹೇಳುವ ಮಹಾಕಾರ್ಯ. ಆದರೆ ಅದರ ಆಧಾರಗಳು ಮುಖ್ಯವಾಗಿ ಶಾಸನ ಮತ್ತು ಸಾಹಿತ್ಯ. ಯಂತ್ರದ ಸದ್ದಿನ ನಡುವೆ ನಾವು ಕೂಗಿ ಆಡುವ ಮಾತು ಆ ಬಾಗಿಲಿನಿಂದ ಒಳಬರುವುದು ಕಷ್ಟ. ನಮ್ಮ ಸಂಘಗಳೇ ಒಂದು ನೋಟುಪುಸ್ತಕ ಇಟ್ಟು ಆ ಮಾತುಗಳನ್ನು ಬರೆದಿಡಬೇಕು. ಹಳಬರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಆದರೆ ಈ ಗ್ರಂಥಗಳನ್ನು ನೋಡುವುದಾದರೂ ಹೇಗೆ? ಕೊಂಡು ಓದುವ ಬೆಲೆಯವಲ್ಲ. ವಾಚನಾಲಯದವರು ಮನೆಗೆ ಕೊಡುವುದಿಲ್ಲ, ಅದು ಸರಿಯಾದ ನಿಯಮವೇ. ಆದರೆ ಅಲ್ಲೇ ಕುಳಿತು ಓದಲು ಹೊತ್ತು ಬೇಡವೇ? 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ಮನೆ ಅಂಗಡಿಗಳ ತೆರಿಗೆಯ ಜೊತೆಗೆ ಗ್ರಂಥಾಲಯದ ಕರವೂ ವಸೂಲಾಗುತ್ತದೆ. ಬಾಡಿಗೆಯ ಮಳಿಗೆಯವನೂ ಬಾಡಿಗೆಯೊಳಗೆ ಅದನ್ನು ತೆತ್ತೇ ಇರುತ್ತಾನೆ. ನಾವು ಹೋಗುವ ವಾಚನಾಲಯದಲ್ಲಿ ಕಿಟೆಲ್, ರೈಸ್ ಇಬ್ಬರೂ ಗಾಜಿನ ಬೀರುವಿನಲ್ಲಿದ್ದಾರೆ. ಬೆನ್ನಿನ ಮೇಲಿನ ಚಿನ್ನದ ಅಕ್ಷರ ಹೊರಗಿನಿಂದಲೇ ಕಾಣುತ್ತದೆ. ಬೀಗದ ಕೈ ಇರುವ ಗುಮಾಸ್ತರು ಸಂಜೆ ಐದೂವರೆಗೆ ಮನೆಗೆ ಹೊರಡುತ್ತಾರೆ. ಭಾನುವಾರ ಅರ್ಧ ದಿನ ಇರುತ್ತಾರೆ, ಅದೂ ತಪ್ಪುವುದುಂಟು. ಹಗಲು ಪಾಳಿ ಬಿಡುವುದು ಆರಕ್ಕೆ, ಅಂಗಡಿಗಳ ಬಾಗಿಲು ಹಾಕುವುದು ಎಂಟೂವರೆಗೆ. ವಾರಕ್ಕೆ ಎರಡು ದಿನವಾದರೂ ರಾತ್ರಿ ಹತ್ತರವರೆಗೆ ಆ ಬೀರು ತೆರೆದಿರಲಿ ಎಂದು ನಾವು ಅರ್ಜಿ ಬರೆದಿದ್ದೇವೆ. ಸಹಿ ಹಾಕಲು ಇಷ್ಟವಿರುವವರು ಈ ವಾರವೇ ಪಕ್ಷದ ಕಚೇರಿಗೆ ಬರಬಹುದು.