ಕಾಡಿನ ಸೀತಾಳೆ ಕ್ಯಾಮೆರಾದಲ್ಲಿ ಬರಲಿ

ಮುಂಗಾರಿನ ಮೊದಲ ವಾರಗಳ ಭಾನುವಾರ ರಾತ್ರಿ ಇಂದಿರಾನಗರದ ವಸತಿ ಸಮುಚ್ಚಯಗಳಲ್ಲಿ ಒಂದು ದೃಶ್ಯ ಕಾಣಸಿಗುತ್ತದೆ. ಕೊಡಗಿನಲ್ಲೋ ಸಕಲೇಶಪುರದಲ್ಲೋ ರಜೆ ಕಳೆದು ಬಂದ ಕಾರಿನ ಡಿಕ್ಕಿಯಿಂದ ಕಾಫಿಪುಡಿ, ಜೇನುತುಪ್ಪ, ಕಾಳುಮೆಣಸಿನ ಪೊಟ್ಟಣಗಳು ಇಳಿಯುತ್ತವೆ. ಕೊನೆಗೆ, ಪಾಚಿ ಮೆತ್ತಿದ ತೊಗಟೆಯ ಸಮೇತ ಕಿತ್ತು ತಂದ ಆರ್ಕಿಡ್ ಗಿಡವೊಂದು ಇಳಿಯುತ್ತದೆ. ಅದರ ತಿಳಿನೇರಳೆ ಹೂಗೊಂಚಲು ಇನ್ನೂ ಬಾಡಿರುವುದಿಲ್ಲ. ತಂದವರ ಮುಖದಲ್ಲಿ ನಿಧಿ ಸಿಕ್ಕ ಸಂತೋಷ. ಎರಡು ತಿಂಗಳ ನಂತರ ಅದೇ ಗಿಡ ಬಾಲ್ಕನಿಯ ಮೂಲೆಯಲ್ಲಿ, ಕೆಮ್ಮಣ್ಣು ತುಂಬಿದ ಕುಂಡದಲ್ಲಿ ಬೇರು ಕೊಳೆತು ಸತ್ತಿರುತ್ತದೆ.

ತಂದವರನ್ನು ಕಳ್ಳರೆಂದು ಕರೆಯುವುದು ಸುಲಭ. ಆದರೆ ಅವರನ್ನು ಹಾಗೆ ಮಾಡಿಸಿದ್ದು ದುರಾಸೆಗಿಂತ ಹೆಚ್ಚಾಗಿ ಪ್ರೀತಿ. ಆ ಪ್ರೀತಿಗೆ ತಿಳಿವಳಿಕೆಯ ಆಸರೆ ಇಲ್ಲದಿರುವುದೇ ತೊಂದರೆ. ಸೌಂದರ್ಯವನ್ನು ಕಂಡೊಡನೆ ಅದನ್ನು ಮನೆಗೆ ಒಯ್ಯಬೇಕೆಂಬ ಆಸೆಗೆ ಬೇರೆ ದಾರಿ ತೋರಿಸಲು ಸಾಧ್ಯವೇ ಎಂಬುದನ್ನು ನಾವು ಯೋಚಿಸಬೇಕಾಗಿದೆ.

ಮಲೆನಾಡಿನವರು ಸೀತಾಳೆ ದಂಡೆ ಎಂದು ಕರೆಯುವ ರಿಂಕೋಸ್ಟೈಲಿಸ್ ರೆಟುಸ ಮಳೆಗಾಲದ ಹೊಸ್ತಿಲಲ್ಲಿ ಅರಳುತ್ತದೆ. ಇದೇ ಹೂವು ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳ ರಾಜ್ಯಪುಷ್ಪವೂ ಹೌದು. ಮರದ ಮೇಲೆ ಬೆಳೆಯುವುದರಿಂದ ಇದನ್ನು ಬಂದಳಿಕೆಯೆಂದು ಭಾವಿಸುವವರು ಇಂದಿಗೂ ಇದ್ದಾರೆ. ಬಂದಳಿಕೆ ಮರದ ಒಳಗೆ ಬೇರಿಳಿಸಿ ಅದರ ಸತ್ವವನ್ನು ಹೀರುತ್ತದೆ. ಆರ್ಕಿಡ್‌ಗೆ ಮರ ಬೇಕಿರುವುದು ನೆಲೆಗಾಗಿ ಮಾತ್ರ. ಅದರ ಬೇರುಗಳ ಮೇಲೆ ಸ್ಪಂಜಿನಂಥ ಬಿಳಿಯ ಹೊದಿಕೆಯಿದೆ. ಮಳೆ ಮತ್ತು ಮಂಜಿನ ನೀರನ್ನು ಅದು ಕ್ಷಣದಲ್ಲಿ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಲ್ಲಿ ತೂಗಿ ಬದುಕುವ ಇಂಥ ಬೇರನ್ನು ಮಣ್ಣಿನಲ್ಲಿ ಹೂತರೆ ಅದು ಉಸಿರುಗಟ್ಟಿ ಕೊಳೆಯುವುದು ಸಹಜ.

ಕಿತ್ತ ಗಿಡದ ನಷ್ಟ ಕಾಡಿಗೆ ಎಷ್ಟೆಂಬುದನ್ನೂ ತಿಳಿಯಬೇಕು. ಆರ್ಕಿಡ್‌ನ ಒಂದೊಂದು ಕಾಯಿಯಲ್ಲಿ ಧೂಳಿನಷ್ಟು ಸಣ್ಣ ಬೀಜಗಳು ಲಕ್ಷಗಟ್ಟಲೆ ಇರಬಲ್ಲವು. ಆದರೆ ಮೊಳಕೆಗೆ ಉಣ್ಣಿಸುವ ಆಹಾರದ ಗಂಟು ಆ ಬೀಜಗಳಲ್ಲಿ ಇಲ್ಲ. ತಕ್ಕ ಶಿಲೀಂಧ್ರದ ಒಡನಾಟ ದೊರೆತರೆ ಮಾತ್ರ ಕಾಡಿನಲ್ಲಿ ಬೀಜ ಸಸಿಯಾಗುತ್ತದೆ. ಫ್ರಾನ್ಸಿನ ನೊಯೆಲ್ ಬರ್ನಾರ್ಡ್ ಈ ಗುಟ್ಟನ್ನು 1899ರಲ್ಲಿ ಕಂಡುಕೊಂಡ. ಮೊಳೆತ ಸಸಿ ಹೂಬಿಡಲು ಮತ್ತೆ ಹಲವು ವರ್ಷ ಕಾಯಬೇಕು. ಕಾರಿನ ಡಿಕ್ಕಿಯಲ್ಲಿ ಬಂದ ಗಿಡಕ್ಕೆ ಹಿಂದಿನ ಸೀಟಿನಲ್ಲಿ ಮಲಗಿದ್ದ ಮಗುವಿಗಿಂತ ಹೆಚ್ಚು ವಯಸ್ಸಾಗಿದ್ದರೆ ಅಚ್ಚರಿಯಿಲ್ಲ.

ಭಾರತದ ಸಸ್ಯ ಸರ್ವೇಕ್ಷಣಾ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 1,256 ಬಗೆಯ ಆರ್ಕಿಡ್‌ಗಳಿವೆ; ಅವುಗಳಲ್ಲಿ 388 ಬೇರೆಲ್ಲೂ ಇಲ್ಲದವು. ಅಂತರರಾಷ್ಟ್ರೀಯ ವಹಿವಾಟಿನಲ್ಲಿ ಇಡೀ ಆರ್ಕಿಡ್ ಕುಟುಂಬವೇ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ. ಮೀಸಲು ಅರಣ್ಯದಿಂದ ಗಿಡ ಕೀಳುವುದು ಅಪರಾಧ. ಇಷ್ಟೆಲ್ಲ ಕಾನೂನಿದ್ದರೂ ರೆಂಬೆಗೆ ಕೈ ಹಾಕುವ ಪ್ರವಾಸಿಗನನ್ನು ತಡೆಯಲು ಪ್ರತಿ ಮರದ ಬುಡದಲ್ಲೂ ಅರಣ್ಯ ರಕ್ಷಕನನ್ನು ನಿಲ್ಲಿಸಲಾಗದು. ಆತ ತಾನಾಗಿಯೇ ತಡೆದುಕೊಳ್ಳಬೇಕು.

ಇಲ್ಲಿ ಕ್ಯಾಮೆರಾ ನಮ್ಮ ನೆರವಿಗೆ ಬರುತ್ತದೆ. ಛಾಯಾಗ್ರಹಣ ಬೆಂಗಳೂರಿಗೆ ಹೊಸತಲ್ಲ. ವನ್ಯಜೀವಿ ಛಾಯಾಗ್ರಹಣದಲ್ಲಿ ಜಗತ್ತು ಗೌರವಿಸಿದ ಟಿ.ಎನ್.ಎ. ಪೆರುಮಾಳ್ (1932–2017) ಈ ಊರಿನವರು. ಹವ್ಯಾಸಿಗಳ ಕೂಟವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಇಲ್ಲಿ ಕೆಲಸ ಮಾಡುತ್ತಿದೆ. ಅಂತರರಾಷ್ಟ್ರೀಯ ಛಾಯಾಚಿತ್ರ ಸ್ಪರ್ಧೆಗಳ ನಿಸರ್ಗ ವಿಭಾಗದಲ್ಲಿ ಒಂದು ಅರ್ಥಪೂರ್ಣ ನಿಯಮವಿದೆ: ಮನುಷ್ಯ ಸೃಷ್ಟಿಸಿದ ಮಿಶ್ರತಳಿಗಳ, ತೋಟದಲ್ಲಿ ಬೆಳೆಸಿದ ಗಿಡಗಳ ಚಿತ್ರಕ್ಕೆ ಅಲ್ಲಿ ಪ್ರವೇಶವಿಲ್ಲ. ಕಾಡಿನ ಆರ್ಕಿಡ್‌ನ ಚಿತ್ರವನ್ನು ಅದು ಬೆಳೆದ ಮರದಲ್ಲಿಯೇ ತೆಗೆಯಬೇಕು. ಕಿತ್ತು ಕುಂಡಕ್ಕೆ ಹಾಕಿದೊಡನೆ ಆ ಗಿಡ ನಿಸರ್ಗದ ಪಟ್ಟಿಯಿಂದ ಹೊರಬೀಳುತ್ತದೆ. ಸ್ಪರ್ಧೆಯ ತಾಂತ್ರಿಕ ನಿಯಮದಂತೆ ತೋರುವ ಈ ಮಾತಿನಲ್ಲಿ ಒಂದು ನೀತಿಪಾಠವೇ ಅಡಗಿದೆ.

ಚಿತ್ರ ತೆಗೆಯಲು ಕುಳಿತವನಿಗೆ ಹೂವು ತನ್ನನ್ನು ಹೆಚ್ಚು ತೆರೆದು ತೋರಿಸುತ್ತದೆ ಎಂಬುದು ಇನ್ನೊಂದು ಮಾತು. ಬಹುತೇಕ ಆರ್ಕಿಡ್‌ಗಳ ಮೊಗ್ಗು ಅರಳುವ ಮುನ್ನ ತೊಟ್ಟಿನ ಮೇಲೆ ತಿರುಚಿಕೊಳ್ಳುತ್ತದೆ. ಹೀಗಾಗಿ ಮೇಲಿರಬೇಕಾದ ತುಟಿಯಾಕಾರದ ದಳ ಕೆಳಗೆ ಬಂದು, ಕೀಟ ಇಳಿಯಲು ಜಗುಲಿಯಾಗುತ್ತದೆ. ಪರಾಗವು ಪುಡಿಯಾಗಿ ಉದುರದೆ ಪುಟ್ಟ ಉಂಡೆಗಳ ರೂಪದಲ್ಲಿ ಕೀಟದ ಮೈಗೆ ಅಂಟಿ ಪಯಣಿಸುತ್ತದೆ. ಕಣ್ಣೋಟಕ್ಕೆ ತಪ್ಪಿಹೋಗುವ ಇಂಥ ಸೂಕ್ಷ್ಮಗಳು ಸಮೀಪಚಿತ್ರದಲ್ಲಿ ನಿಚ್ಚಳವಾಗುತ್ತವೆ. ಮೋಡ ಕವಿದ ಬೆಳಗು, ಅಲುಗದ ಕೈ, ಸ್ವಲ್ಪ ತಾಳ್ಮೆ ಇದ್ದರೆ ಇಂದಿನ ಮೊಬೈಲ್ ಫೋನೂ ಸಾಕು. ಆದರೆ ಛಾಯಾಗ್ರಾಹಕರೂ ನಿರ್ದೋಷಿಗಳೇನಲ್ಲ. ಚೌಕಟ್ಟಿಗೆ ಅಡ್ಡಬಂದ ಕೊಂಬೆಯನ್ನು ಮುರಿಯುವುದು, ನೆಲದ ಸಸಿಗಳನ್ನು ತುಳಿಯುವುದು, ಅಪರೂಪದ ಗಿಡವಿರುವ ಜಾಗವನ್ನು ಊರಿಗೆಲ್ಲ ಸಾರುವುದು, ಇವೆಲ್ಲವೂ ಕೀಳುವವನಿಗೆ ಮಾಡಿಕೊಟ್ಟ ಉಪಕಾರಗಳೇ.

ವಿಜ್ಞಾನಿಗಳೂ ಗಿಡ ಕೀಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸೇಂಟ್ ಜೋಸೆಫ್ ಕಾಲೇಜಿನಲ್ಲಿದ್ದ ಫಾದರ್ ಸೆಸಿಲ್ ಸಲ್ಡಾನಾ ಅವರು ಡಾನ್ ನಿಕೋಲ್ಸನ್ ಜೊತೆಗೂಡಿ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಬೃಹತ್ ಗ್ರಂಥವನ್ನು ಹೊರತಂದರು. ಆ ಕಾಲೇಜಿನಲ್ಲಿ ಬೆಳೆದ ಒಣಸಸ್ಯ ಸಂಗ್ರಹ ಇಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಅಲ್ಲಿನ ಪ್ರತಿ ಮಾದರಿಗೂ ಊರು, ದಿನಾಂಕ, ಸಂಗ್ರಾಹಕರ ಹೆಸರು ಅಂಟಿಕೊಂಡಿದ್ದು, ಅದು ಸಾರ್ವಜನಿಕ ಜ್ಞಾನವಾಗಿ ಉಳಿದಿದೆ. ಬಾಲ್ಕನಿಯಲ್ಲಿ ಸತ್ತ ಗಿಡದಿಂದ ಯಾರಿಗೆ ಏನು ತಿಳಿಯಿತು?

ಹಾಗಾದರೆ ಮನೆಯಲ್ಲಿ ಆರ್ಕಿಡ್ ಬೆಳೆಸಬಾರದೇ? ಖಂಡಿತ ಬೆಳೆಸಬೇಕು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರದ ನೆರವಿಲ್ಲದೆ, ಸಕ್ಕರೆ ಬೆರೆಸಿದ ಪೋಷಕ ದ್ರವ್ಯದಲ್ಲಿ ಬೀಜ ಮೊಳೆಸುವ ವಿಧಾನ ತೋರಿಸಿದ ಮೇಲೆ ಪ್ರಯೋಗಾಲಯದ ಸಸಿಗಳು ಜನಸಾಮಾನ್ಯರ ಕೈಗೆಟುಕಿದವು. ಇಂದು ನರ್ಸರಿಗಳಲ್ಲಿ ದೊರೆಯುವ ಫಲೆನಾಪ್ಸಿಸ್, ಡೆಂಡ್ರೋಬಿಯಂ ಮಿಶ್ರತಳಿಗಳನ್ನು ಕೊಂಡರೆ ಯಾವ ಕಾಡೂ ಬರಿದಾಗುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಊರಿನ ಹವೆ ಇವುಗಳಿಗೆ ಒಗ್ಗುತ್ತದೆ. ಡಿಸೆಂಬರಿನ ತಂಪು ಇರುಳುಗಳೇ ಫಲೆನಾಪ್ಸಿಸ್‌ಗೆ ಹೂದಂಟು ಬಿಡಲು ಪ್ರೇರಣೆ. ಪೂರ್ವ ದಿಕ್ಕಿನ ಬಾಲ್ಕನಿಯ ಎಳೆಬಿಸಿಲು, ತೂತುಗಳಿರುವ ಕುಂಡ, ಅದರಲ್ಲಿ ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಹೆಂಚಿನ ಚೂರು. ಇಷ್ಟಿದ್ದರೆ ಸಾಕು, ಮಣ್ಣು ಬೇಡವೇ ಬೇಡ.

ನೀರಿನ ಮಾತನ್ನೂ ಆಡಲೇಬೇಕು. 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡವೆಂದು ಸಾರಿದಾಗ ಕೆ.ಆರ್. ಪುರ, ಮಹದೇವಪುರದ ಬಡಾವಣೆಗಳು ಟ್ಯಾಂಕರಿಗಾಗಿ ಕಾಯುತ್ತಿದ್ದವು. ಹೂವಿನ ಹವ್ಯಾಸ ನೆರೆಯವರ ಕೊಡದ ನೀರನ್ನು ಕಸಿಯಬಾರದು. ಅದೃಷ್ಟಕ್ಕೆ ಆರ್ಕಿಡ್ ಅಲ್ಪತೃಪ್ತ. ಕೊಳವೆಬಾವಿಯ ಗಡಸು ನೀರಿಗಿಂತ ಅದಕ್ಕೆ ಮಳೆನೀರೇ ಇಷ್ಟ. ನಗರದಲ್ಲಿ ಮಳೆನೀರು ಸಂಗ್ರಹ 2009ರಿಂದ ಕಡ್ಡಾಯವಾಗಿದೆ. ಚಾವಣಿಯಿಂದ ಹಿಡಿದ ನಾಲ್ಕಾರು ಕ್ಯಾನು ನೀರು ಹತ್ತು ಗಿಡಗಳಿಗೆ ವಾರಗಟ್ಟಲೆ ಬರುತ್ತದೆ.

ಉಡುಗೊರೆಯಾಗಿ ಬಂದ ಫಲೆನಾಪ್ಸಿಸ್ ಹೂವುದುರಿದೊಡನೆ ಕಸದ ಬುಟ್ಟಿ ಸೇರುವುದು ಇನ್ನೊಂದು ದುಂದು. ಅದು ಸತ್ತಿಲ್ಲ, ವಿಶ್ರಮಿಸುತ್ತಿದೆ. ಮುಂದಿನ ಚಳಿಗಾಲದವರೆಗೆ ಕಾಯುವ ವ್ಯವಧಾನವುಳ್ಳವರಿಗೆ ಮತ್ತೆ ಹೂವು ಕೊಡುತ್ತದೆ.

ಕೊನೆಯದಾಗಿ, ಈ ಸೌಂದರ್ಯ ಬಾಲ್ಕನಿಗಳಲ್ಲೇ ಏಕೆ ಉಳಿಯಬೇಕು? ಸಿಂಗಪುರವು 1990ರ ದಶಕದಿಂದ ತನ್ನ ನಾಡ ಆರ್ಕಿಡ್‌ಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ರಸ್ತೆಬದಿಯ ಮರಗಳಿಗೆ ಕಟ್ಟುತ್ತ ಬಂದಿದೆ. ನಮ್ಮ ದಂಡು ಪ್ರದೇಶದ ಹಳೆಯ ಮಳೆಮರಗಳ ಒರಟು ತೊಗಟೆ ಇದಕ್ಕೆ ಹೇಳಿಮಾಡಿಸಿದಂತಿದೆ. 2011ರಲ್ಲಿ ಓಡತೊಡಗಿದ ಮೆಟ್ರೊಗಾಗಿ ಮಹಾತ್ಮ ಗಾಂಧಿ ರಸ್ತೆಯ ಮರಗಳ ಸಾಲನ್ನು ಕಳೆದುಕೊಂಡ ನಾವು, ಹಲಸೂರು ಕೆರೆಯ ಸುತ್ತ, ಕಬ್ಬನ್ ಉದ್ಯಾನದಲ್ಲಿ ಉಳಿದಿರುವ ಮರಗಳಿಗಾದರೂ ಹೊಸ ಬಾಡಿಗೆದಾರರನ್ನು ಕೊಡಬಹುದು. ದಖನ್ನಿನ ಒಣಹವೆಯಲ್ಲೂ ಬದುಕುವ ವ್ಯಾಂಡಾ ಟೆಸ್ಸೆಲ್ಲೇಟಾದಂಥ ನಾಡತಳಿಗಳಿಂದ ತೋಟಗಾರಿಕೆ ಇಲಾಖೆ, ನಗರ ಪಾಲಿಕೆಗಳು ಮತ್ತು ಹವ್ಯಾಸಿಗಳು ಸೇರಿ ಚಿಕ್ಕದಾಗಿ ಆರಂಭಿಸಲಿ. ನಿತ್ಯ ಕಣ್ಣೆದುರಿನ ಮರದಲ್ಲಿ ಅರಳುವ ಹೂವನ್ನು ನೋಡಿ ಬೆಳೆದ ಮಗು ಮುಂದೆ ಸಕಲೇಶಪುರದ ಮರಕ್ಕೆ ಕೈ ಹಾಕಲಾರದು.

ಅಲ್ಲಿಯವರೆಗೆ ಮಲೆನಾಡಿಗೆ ಹೋಗುವವರಲ್ಲಿ ಒಂದು ವಿನಂತಿ. ಗಾಳಿಗೆ ಮುರಿದುಬಿದ್ದ ಕೊಂಬೆಯಲ್ಲಿ ಸೀತಾಳೆ ಕಂಡರೆ, ತೋಟದ ಯಜಮಾನರ ಒಪ್ಪಿಗೆ ಪಡೆದು ಅದನ್ನು ಹತ್ತಿರದ ಮರಕ್ಕೆ ಸೆಣಬಿನ ದಾರದಿಂದ ಕಟ್ಟಿ, ಚಿತ್ರ ತೆಗೆದುಕೊಂಡು ಬನ್ನಿ. ಮುಂದಿನ ವರ್ಷ ಅದೇ ದಾರಿಯಲ್ಲಿ ಹೋದಾಗ, ನೀವು ಕಟ್ಟಿದ ಗಿಡ ಹೂಬಿಟ್ಟಿದೆಯೇ ಎಂದು ನೋಡುವ ಕುತೂಹಲವಾದರೂ ನಿಮ್ಮದಾಗಿರುತ್ತದೆ.